ಶಿಕ್ಷೆ ಬಾಳೆಹಣ್ಣಿಗೆ, ಮಂಗಳಾರತಿ ಹೊಗೆಗೆ

ನಿನ್ನೆ ಸಂಜೆ ಕುವೆಂಪುನಗರದ ನೆಂಟರ ಮನೆಗೆ ಹೋಗಿ ಬಂದಾಗಿನಿಂದ ಮೈ ಉರಿಯುತ್ತಿದೆ. ಐದು ವರ್ಷದ ಹುಡುಗ, ಉಬ್ಬಸ. ಉಸಿರು ಬಿಟ್ಟಾಗಲೆಲ್ಲ ಎದೆಯಲ್ಲಿ ಸಿಳ್ಳೆ. ಹಿರಿಯರ ತೀರ್ಪು ಸಿದ್ಧವಾಗಿತ್ತು: "ಬಾಳೆಹಣ್ಣು ಕೊಟ್ಟಿರಿ, ಮೊಸರು ಕೊಟ್ಟಿರಿ, ಶೀತವಾಯಿತು." ತೀರ್ಪು ಹೊರಬಿದ್ದ ಹಾಲ್‌ನ ಕಿಟಕಿಗಳೆಲ್ಲ ಮುಚ್ಚಿದ್ದವು. ಸೋಫಾದ ಕೆಳಗೆ ಸೊಳ್ಳೆಬತ್ತಿ, ದೇವರ ಮುಂದೆ ಹಿಡಿ ತುಂಬ ಊದುಬತ್ತಿ, ಮಗುವಿಗೆ ದೃಷ್ಟಿಯಾಗಿದೆಯೆಂದು ಮೇಲಿಂದ ಸಾಂಬ್ರಾಣಿ. ನನಗೇ ಕೆಮ್ಮು ಬಂತು. ನಾನು ಬಾಳೆಹಣ್ಣು ತಿಂದಿರಲಿಲ್ಲ.

ಒಂದು ಸುರುಳಿ ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಅತಿಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲೇ ಸಂಶೋಧಕರು ಅಳೆದು ಪ್ರಕಟಿಸಿದ್ದಾರೆ. ಆ ಮನೆಯ ಯಜಮಾನರು "ಮಗುವಿದೆ" ಎಂದು ಸಿಗರೇಟು ಸೇದಲು ಗೇಟಿನಾಚೆ ಹೋಗುತ್ತಾರೆ. ಎಂಥ ತ್ಯಾಗ! ಒಳಗೆ ಬಂದು ಬತ್ತಿ ಹಚ್ಚುವವರೂ ಅವರೇ.

ಉಬ್ಬಸಕ್ಕೆ ಹೊಗೆಯೊಂದೇ ಕಾರಣವಲ್ಲ, ಗೊತ್ತು. ವಂಶದಲ್ಲಿ ಬಂದಿರಬಹುದು, ನೆಗಡಿಯ ವೈರಸ್ ಕೆರಳಿಸಬಹುದು. ಹತ್ತಿಯ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳು ಹುಳಗಳಿರುತ್ತವೆ, ಗೋಡೆಯ ತೇವದಲ್ಲಿ ಬೂಷ್ಟಿರುತ್ತದೆ, ಅಡುಗೆಮನೆಯಲ್ಲಿ ಜಿರಳೆ. ಇವುಗಳಲ್ಲಿ ಯಾವುದನ್ನೂ ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ ಎಂದರೆ ಸೋಮಾರಿತನ. ಬಾಳೆಹಣ್ಣು ನಿಲ್ಲಿಸುವುದು ಸುಲಭ. ಅದು ಎದುರು ಮಾತನಾಡುವುದಿಲ್ಲ. ಇನ್ಹೇಲರ್ ಕೊಡಿ ಎಂದರೆ "ಅಭ್ಯಾಸವಾಗಿಬಿಡುತ್ತದೆ" ಎಂಬ ಭಯ. ರಾತ್ರಿಯಿಡೀ ಉರಿಯುವ ಬತ್ತಿ ಅಭ್ಯಾಸವಾಗಿರುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

"ನಮ್ಮ ಅಜ್ಜಿಯ ಕಾಲದಲ್ಲಿ ಸೌದೆ ಒಲೆಯ ಹೊಗೆ ಇರಲಿಲ್ಲವೇ?" ಎಂದು ಕೇಳುವವರು ಬರುತ್ತೀರಿ, ಬನ್ನಿ. ಇತ್ತು. ಹೆಂಚಿನ ಸಂದಿಯಲ್ಲಿ, ಗವಾಕ್ಷಿಯಲ್ಲಿ ಒಂದಿಷ್ಟು ಹೊರಗೂ ಹೋಗುತ್ತಿತ್ತು. ಗೂರಲು ಹಿಡಿದು ಜಗಲಿಯ ಮೇಲೆ ಕುಳಿತೇ ರಾತ್ರಿ ಕಳೆಯುತ್ತಿದ್ದವರು ಮಂಡ್ಯದ ನಮ್ಮ ಹಳ್ಳಿಯಲ್ಲಿ ಬೀದಿಗೊಬ್ಬರಿದ್ದರು; ನೀವು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಡೆಂಗಿಯ ನೆಪವೂ ಬೇಡ. ಆ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ. ಕಿಟಕಿಗೆ ಜಾಲರಿ, ಮಲಗುವಾಗ ಪರದೆ, ಟೆರೇಸಿನ ಡ್ರಮ್ಮಿಗೆ ಮುಚ್ಚಳ. ಇವಕ್ಕೆ ಪರಿಮಳವಿಲ್ಲ, ಅದೇ ದೋಷ.

ಊದುಬತ್ತಿಯ ಮೇಲೆ ನನಗೆ ಹಗೆಯಿದೆ ಎನ್ನಬೇಡಿ. ಮೈಸೂರು ಊದುಬತ್ತಿಗೆ 2005ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಅದಕ್ಕೂ ಬಹಳ ಮುಂಚೆ ನನ್ನ ತಾಯಿ ಮಣೆಯ ಮುಂದೆ ಕುಳಿತು ಕಡ್ಡಿ ಹೊಸೆದು ನನ್ನ ಶಾಲೆಯ ಶುಲ್ಕ ಕಟ್ಟಿದ್ದರು. ಆ ಕಪ್ಪು ಅಂಗೈಯ ಋಣ ಈ ಜನ್ಮಕ್ಕೆ ತೀರುವುದಿಲ್ಲ. ಮೊಮ್ಮಗಳು ಕೆಮ್ಮತೊಡಗಿದ ಮೇಲೆ ಅದೇ ತಾಯಿ ದೇವರಿಗೆ ಹೂವು, ತುಪ್ಪದ ದೀಪ ಸಾಕೆಂದರು. ಹಬ್ಬಕ್ಕೆ ಒಂದೇ ಕಡ್ಡಿ, ಅದೂ ಬಾಲ್ಕನಿಯ ತುಳಸಿಯ ಬಳಿ. ದೇವರೇನೂ ಮುನಿಸಿಕೊಂಡಂತಿಲ್ಲ. ನಿನ್ನೆ ಕಿಟಕಿ ತೆರೆದದ್ದಕ್ಕೆ ಮುನಿಸಿಕೊಂಡವರು ಆ ಮನೆಯ ಅತ್ತೆ ಮಾತ್ರ.