ಬಾರಾ ಗಜದ ತೋಪು, ಏಳು ಫೂಟಿನ ಕಪಾಟು

ಮನೆಗೊಂದು ಕಪಾಟು ಮಾಡಿಸಬೇಕಿತ್ತು. ಬೆಂಗಳೂರಿನಲ್ಲಿರುವ ಮಗಳು ಯಾರಿಂದಲೋ ದುಡ್ಡು ಕೊಟ್ಟು ಚಂದದ ನಕ್ಷೆ ಬರೆಸಿ ಫೋನಿಗೆ ಕಳಿಸಿದಳು. ಎಲ್ಲವೂ ಮಿಲಿಮೀಟರ್. ಎತ್ತರ 2134, ಅಗಲ 1219, ಆಳ 610. ನಮ್ಮ ಬಡಗಿ ಅದನ್ನು ಹಿಗ್ಗಿಸಿ ನೋಡಿದ, ತಿರುಗಿಸಿ ನೋಡಿದ, ಆಮೇಲೆ ಫೋನು ವಾಪಸ್ ಕೊಟ್ಟು, “ಅಣ್ಣಾರ, ಏಳ್ ಫೂಟ್, ನಾಕ್ ಫೂಟ್, ಎರಡ್ ಫೂಟ್ ಅಂತ ಸೀದಾ ಹೇಳ್ರಿ” ಎಂದ. ಹೌದಲ್ವಾ! ನಕ್ಷೆ ಬರೆದ ಮಹಾನುಭಾವನೂ ಫೂಟಿನಲ್ಲೇ ಯೋಚಿಸಿದ್ದಾನೆ. ಕಾಗದಕ್ಕೆ ಬರುವಾಗ ಅದು ಮಿಲಿಮೀಟರ್ ಆಗಿದೆ, ಬಡಗಿಯ ಕೈಗೆ ಬರುವಾಗ ಮತ್ತೆ ಫೂಟು. ನಡುವೆ ಆ ಸಾವಿರಗಟ್ಟಲೆ ಅಂಕಿಗಳು ಸುಮ್ನೆ ಬಂದು ಹೋದವು. ದುಡ್ಡು ಮಾತ್ರ ಹೋಗಿಯೇ ಹೋಯಿತು.

ಬಡಗಿಗೆ ಇಂಚು ಮುಗಿದ ಮೇಲೆ ಸೂತ್ ಇದೆ. ಇಂಚಿಗೆ ಎಂಟು ಸೂತ್. “ಈ ಕಡಿ ಎರಡ್ ಸೂತ್ ಕಮ್ಮಿ ಬಿದ್ದಾದ್ರಿ” ಎಂದಾಗ ನಾನು ಮನಸ್ಸಿನಲ್ಲೇ ಗುಣಿಸತೊಡಗಿದೆ. ಆರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಎಂದು ಉತ್ತರ ಬರುವಷ್ಟರಲ್ಲಿ ಅವನು ಪಟ್ಟಿ ಹೊಡೆದು ಸಂದು ಮುಚ್ಚಿಬಿಟ್ಟಿದ್ದ. ಅದೇ ಮನುಷ್ಯ ಪ್ಲೈವುಡ್ ಅಂಗಡಿಗೆ ಫೋನ್ ಹಚ್ಚಿ “ಎಂಟು ನಾಕು, ಹದಿನೆಂಟು ಎಂಎಂ” ಅಂದ. ಉದ್ದ ಅಗಲ ಲಂಡನ್ನಿನವು, ದಪ್ಪ ಪ್ಯಾರಿಸ್ಸಿನದು. ಹಲಗೆ ಒಂದೇ!

ದಶಮಾನ ಅಳತೆಯ ಕಾನೂನು ಬಂದದ್ದು 1956ರಲ್ಲಿ. 1958ರಿಂದ ಹಂತ ಹಂತವಾಗಿ ಜಾರಿಯಾಯಿತು. ಅದೇ 1956ರಲ್ಲಿ ನಾವು ಕಲಬುರಗಿಯವರು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯ ಬದಲಾಯಿತು, ನಿಜಾಮರ ಹಾಲಿ ಸಿಕ್ಕಾ ನಾಣ್ಯ ಹೋಯಿತು, ಆಣೆ ಹೋಗಿ ನಯಾಪೈಸೆ ಬಂತು, ಅಂಗಡಿಯ ತಕ್ಕಡಿಗೆ ಕಿಲೋ ಬಂತು. ಫೂಟು ಮಾತ್ರ ಕದಲಲಿಲ್ಲ. ಬೋರು ಕೊರೆಸಿದರೆ ಫೂಟು, ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕೊಂಡರೆ ಫೂಟು. ಯಾಕಿರಬಹುದು? ನನಗೊಂದು ಕಾರಣ ಹೊಳೆದಿದೆ, ಹೇಳುತ್ತೇನೆ. ಅದಕ್ಕೂ ಮೊದಲು ತೋಪಿನ ವಿಷಯ.

ನಮ್ಮ ಕಲಬುರಗಿ ಕೋಟೆಯಲ್ಲಿ ಬಾರಾ ಗಜಿ ತೋಪ್ ಇದೆ, ಅಂದರೆ ಹನ್ನೆರಡು ಗಜದ ಫಿರಂಗಿ. ಉದ್ದ 29 ಅಡಿ ಎಂದು ಎಲ್ಲ ಕಡೆ ಬರೆಯುತ್ತಾರೆ. ಜಗತ್ತಿನಲ್ಲೇ ಉದ್ದದ್ದು ಎಂದು ನಮ್ಮವರು ಎದೆ ಉಬ್ಬಿಸುತ್ತಾರೆ. ಒಂದು ಶ್ರಾವಣ ಸೋಮವಾರ ಶರಣಬಸವೇಶ್ವರರ ಗುಡಿಗೆ ಹೋಗಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದೆವು. ನಮ್ಮ ಕಾಕಾ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಲೆಕ್ಕ ಈಗಲೂ ಉರ್ದುವಿನಲ್ಲೇ. ಹೋಳಿಗೆ ಮುರಿಯುತ್ತಾ, “ಗಜ ಅಂದ್ರ ಮೂರ್ ಫೂಟ್. ಬಾರಾ ಗಜ ಅಂದ್ರ ಛತ್ತೀಸ್ ಫೂಟ್. ತೋಪ್ ಇರೋದು ಉನ್ತೀಸ್. ಉಳಿದ ಏಳ್ ಫೂಟ್ ಯಾರ್ ನುಂಗ್ಯಾರ?” ಎಂದರು.

ಅಷ್ಟೇ. ಊಟ ಕೆಟ್ಟಿತು.

ತಮ್ಮನ ಮಗ ಎಂಜಿನಿಯರು. ಫೋನು ತೆಗೆದ. “ಮುತ್ಯಾ, ಆಗಿನ ಗಜ ಬ್ಯಾರೆ. 29 ಫೂಟಿಗೆ ಬಾರಾ ಗಜ ಅಂದ್ರ, ಗಜಕ್ಕ 29 ಇಂಚು ಬೀಳ್ತದ” ಎಂದ. ಲೆಕ್ಕ ಸರಿಯೇ. ಊರಿಗೊಂದು ಗಜ ಇದ್ದ ಕಾಲ ಅದು. ಆದರೆ ಕಾಕಾರಿಗೆ ಅದು ಮಾನದ ಪ್ರಶ್ನೆಯಾಯಿತು, ಯಾಕೆಂದರೆ ಅವರ ಅಪ್ಪ ಬಟ್ಟೆ ಅಂಗಡಿಯಲ್ಲಿ ಗಜದ ಕೋಲು ಹಿಡಿದು ಬದುಕಿದವರು. “29 ಇಂಚಿನ ಗಜ ಹಿಡ್ಕೊಂಡು ಬಟ್ಟೆ ಮಾರಿದ್ರ ಮಂದಿ ಚಪ್ಪಲ್ ತಗೊಂಡು ಹೊಡೀತಿದ್ರು” ಎಂದರು. ಹುಡುಗ ಅಕ್ಬರನ ಇಲಾಹಿ ಗಜವನ್ನು ಹುಡುಕಿ ತೆಗೆದ. ಅದು ಸುಮಾರು 33 ಇಂಚು. ಆ ಲೆಕ್ಕದಲ್ಲಿ ತೋಪು 33 ಫೂಟ್ ಇರಬೇಕು, ಕೊರತೆ ಏಳರಿಂದ ನಾಲ್ಕಕ್ಕೆ ಇಳಿಯಿತು. ಕಾಕಾ ಒಪ್ಪಲಿಲ್ಲ. “ಕಲಬುರ್ಗಿಗಿ ಅಕ್ಬರ ಯಾವಾಗ ಬಂದಿದ್ದ?” ಇದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ, ಯಾಕೆಂದರೆ ಅವನು ಬಂದೇ ಇರಲಿಲ್ಲ.

ಈಗಲೇ ಕೋಟೆಗೆ ಹೋಗಿ ಅಳೆದುಬಿಡೋಣ ಎಂದು ತಮ್ಮ ಟೇಪು ಹುಡುಕಲು ಎದ್ದ. ಟೇಪು ಬೇಡ, ಗಜದ ಕೋಲೇ ಬೇಕು ಎಂದು ಕಾಕಾ. ಬಾಯಿಯ ತುದಿಯಿಂದ ಅಳೆಯಬೇಕೋ, ಹಿಂದಿನ ಗುಬಟಿಯನ್ನೂ ಸೇರಿಸಬೇಕೋ ಎಂದು ಇನ್ನೊಂದು ತಕರಾರು ಹುಟ್ಟಿತು. ಹುಡುಗ ಕೊನೆಯ ಬಾಣ ಬಿಟ್ಟ: ಇಂಚು ಎನ್ನುವುದೇ ಈಗ ಸ್ವತಂತ್ರ ಅಳತೆಯಲ್ಲ, 1959ರಲ್ಲಿ ಇಂಗ್ಲೆಂಡ್, ಅಮೆರಿಕ ಎಲ್ಲ ಕೂಡಿ ಅದನ್ನು ಸರಿಯಾಗಿ 25.4 ಮಿಲಿಮೀಟರ್ ಎಂದು ಕಟ್ಟಿಹಾಕಿವೆ, ಆದ್ದರಿಂದ ಫೂಟಿನಲ್ಲಿ ಜಗಳವಾಡಿದರೂ ನೀವು ಮೀಟರಿನಲ್ಲೇ ಜಗಳವಾಡಿದಂತೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾರ ತೋಪ್ ಎಷ್ಟ್ ಮೀಟರ್?” 8.84 ಎಂದ ಹುಡುಗ. “ಹಂಗೇ ಕರೀರಿ. ಎಂಟ್ ಪಾಯಿಂಟ್ ಎಂಬತ್ನಾಕ್ ಮೀಟರ್ ತೋಪ್. ಯಾವ ವೈರಿ ಅಂಜ್ತಾನ ನೋಡೂಣು.”

ಮಳೆ ಬಂತು. ಯಾರೂ ಕೋಟೆಗೆ ಹೋಗಲಿಲ್ಲ.

ಹಾಂ, ಕಾರಣ. ತೂಕದ ಕಲ್ಲಿಗೆ ಸರ್ಕಾರ ಮುದ್ರೆ ಒತ್ತಬಹುದು, ಹಳೆಯದಿದ್ದರೆ ಕಿತ್ತುಕೊಂಡು ಹೋಗಬಹುದು. ಫೂಟು ಇರುವುದು ಮನುಷ್ಯನ ತಲೆಯಲ್ಲಿ, ಅದನ್ನು ಯಾವ ಇನ್ಸ್‌ಪೆಕ್ಟರ್ ಜಪ್ತಿ ಮಾಡುತ್ತಾನೆ? ಹೀಗೆಂದು ಬಹಳ ದಿನ ನಂಬಿದ್ದೆ. ಆದರೆ ಬಟ್ಟೆ ಅಂಗಡಿ ನೆನಪಾದರೆ ಇದೂ ನಿಲ್ಲುವುದಿಲ್ಲ. ಗಜವೂ ತಲೆಯಲ್ಲೇ ಇತ್ತು, ಆದರೂ ಈಗ ಅಂಗಡಿಯಲ್ಲಿ ಮೀಟರಿನ ಕೋಲು. ಅದೇ ಬಟ್ಟೆ ದರ್ಜಿಯ ಹತ್ತಿರ ಹೋದರೆ ಎದೆ 40, ತೋಳು 24, ಮತ್ತೆ ಇಂಚು. ಇರಲಿ ಬಿಡಿ.

ನನಗೆ ಫೂಟಿನ ಮೇಲೆ ಪ್ರೀತಿಯೇನಿಲ್ಲ. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ, ಎಂಟಕ್ಕೊಮ್ಮೆ ಭಾಗಿಸುವುದು ಶುದ್ಧ ತಲೆನೋವು. ಹತ್ತರಿಂದ ಭಾಗಿಸುವುದು ಸುಲಭ, ಅದನ್ನು ಯಾರು ಬೇಡ ಅಂತಾರೆ? ಸಿಟ್ಟು ಬರುವುದು ಬೇರೆ ಕಡೆ. ನಾನು ಕೊಂಡದ್ದು ಮೂವತ್ತು ನಲವತ್ತರ ಪ್ಲಾಟು. ನೋಡುವಾಗ ಫೂಟು, ಚೌಕಾಸಿಯಲ್ಲಿ ಫೂಟು, ದುಡ್ಡು ಎಣಿಸಿದ್ದೂ 1200 ಚದರ ಫೂಟಿಗೆ. ಕಾಗದ ಕೈಗೆ ಬಂದಾಗ ಮಾತ್ರ 9.14 ಮೀಟರ್, 12.19 ಮೀಟರ್. ಮೂವತ್ತು ಫೂಟೆಂದರೆ 9.144, ನಲವತ್ತೆಂದರೆ 12.192. ಕೊನೆಯ ಅಂಕಿಗಳನ್ನು ಯಾರೋ ಬೇಸರಕ್ಕೆ ಬಿಟ್ಟಿದ್ದಾರೆ. ಗುಣಿಸಿ ನೋಡಿದರೆ ಮುಕ್ಕಾಲು ಚದರ ಫೂಟಿನಷ್ಟು ಜಾಗ ಮಾಯ! ಒಂದು ಫರಸಿ ಹಾಸುವಷ್ಟೂ ಇಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೂ ದುಡ್ಡು ಕೊಟ್ಟಿದ್ದೇನಲ್ಲ? ಕಾಗದ ಬರೆದವರನ್ನು ಕೇಳಲು ಹೋದರೆ, “ಅದೇನ್ ದೊಡ್ಡದ್ ಬಿಡ್ರಿ, ಪಾಯಿಂಟ್‌ನಾಗ ಹೋಗ್ಯಾದ” ಎಂದರು. ಅವರ ಫೀಸಿನಲ್ಲಿ ಪಾಯಿಂಟ್ ಬಿಟ್ಟಿರಲಿಲ್ಲ.

ಪಕ್ಕದ ಪ್ಲಾಟಿನವರದ್ದೂ ಮೂವತ್ತು ನಲವತ್ತೇ. ಅವರ ಕಾಗದದಲ್ಲಿ 9.15 ಎಂದಿದೆ. ನಡುವಿನ ಕಂಪೌಂಡ್ ಯಾರು ಕಟ್ಟಿಸಬೇಕೆಂಬ ಮಾತು ಇನ್ನೂ ಶುರುವಾಗಿಲ್ಲ.