ನೆರಳು ಕೊಡುವ ಕಲ್ಲು

ಅಕ್ಕನ ಮಗ ಬೆಂಗಳೂರಿಂದ ಹಾಸನಕ್ಕೆ ಬಂದಿದ್ದ. ಜೇಬಲ್ಲಿ ಸಾವಿರ ರೂಪಾಯಿ. ಅಷ್ಟರಲ್ಲೇ ಬೇಲೂರು, ಹಳೇಬೀಡು ಎರಡೂ ಮುಗಿಸಬೇಕಂತೆ. ಅವನ ಅಮ್ಮ ಬಂದಿದ್ದರೆ ಸರ್ಕಾರಿ ಬಸ್ಸು ಫ್ರೀ. ಗಂಡಾಗಿ ಹುಟ್ಟಿದ ತಪ್ಪಿಗೆ ಇವನಿಗೆ ಟಿಕೆಟ್ಟು.

ಮಟಮಟ ಮಧ್ಯಾಹ್ನ. ಮನೆಗೆ ಬಾರೋ ಅಂದೆ. "ನೆಂಟರ ಮನೇಲಿ ಉಂಡರೆ ಲೆಕ್ಕಕ್ಕೆ ಬರಲ್ಲ ಮಾವ. ಪಾರ್ಕಲ್ಲಿ ಕೂರೋಣ. ಫ್ರೀ ಅಲ್ವಾ?"

ಊರೊಳಗಿನ ಹಳೇ ಪಾರ್ಕಿಗೆ ಕರೆದುಕೊಂಡು ಹೋದೆ. ಅದರ ಹೆಸರು ಹೇಳಲ್ಲ. ಒಳಗೆ ಕಲ್ಲಿನ ಮೇಲೆ ಆಗಲೇ ಬೇಕಾದಷ್ಟು ಹೆಸರುಗಳಿವೆ.

ಗೇಟಲ್ಲೇ ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದು, ಹೂ ಕೀಳಬಾರದು, ಮಲಗಬಾರದು, ತಿಂಡಿ ತರಬಾರದು. ಮೊದಲಿನ ಎರಡು ತಪ್ಪು ಯಾರೂ ಮಾಡೋಕೇ ಆಗದ ಹಾಗೆ ಉದ್ದಕ್ಕೂ ಟೈಲ್ಸ್ ಹಾಸಿದ್ದಾರೆ. ಮೊದಲು ಇಲ್ಲೊಂದು ದೊಡ್ಡ ಮರ ಇತ್ತು. ಬೇರು ಟೈಲ್ಸ್ ಎತ್ತುತ್ತದೆ ಅಂತ ಕಡಿದರು. ಈಗ ಅದೇ ಜಾಗದಲ್ಲಿ ಕೂರೋಕೆ ಅಂತ ಸಿಮೆಂಟಲ್ಲಿ ಮರದ ಬೊಡ್ಡೆ ಮಾಡಿಟ್ಟಿದ್ದಾರೆ. ಕಂದು ಬಣ್ಣ, ಮೇಲೆ ಉಂಗುರ ಉಂಗುರ ಗೆರೆ. ಹುಡುಗ ಬಗ್ಗಿ ಎಣಿಸಿದ. "ಮಾವ, ಈ ಸಿಮೆಂಟಿಗೆ ಹದಿನಾಲ್ಕು ವರ್ಷ." ಕೂತ. ಕೂತಷ್ಟೇ ಬೇಗ ಎದ್ದ. ಕಾವಲಿ ಹಾಗೆ ಕಾದಿತ್ತು.

ಶೌಚಾಲಯಕ್ಕೆ ಬೀಗ. ಕೀಲಿ ಕಾವಲುಗಾರನ ಹತ್ತಿರ, ಕಾವಲುಗಾರ ಟೀ ಅಂಗಡಿ ಹತ್ತಿರ. ಬಾಯಿ ತೆರೆದು ನಿಂತಿದ್ದು ಕಸದ ಪೆಂಗ್ವಿನ್ ಒಂದೇ.

ನೆರಳು ಅಂತ ಸಿಕ್ಕಿದ್ದು ಅಭಿವೃದ್ಧಿ ಕಾಮಗಾರಿಯ ಉದ್ಘಾಟನಾ ಕಲ್ಲಿನದು. ಆಳೆತ್ತರದ ಕರಿ ಗ್ರಾನೈಟು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಗುತ್ತಿಗೆದಾರರು. ಓದಿ ಮುಗಿಸೋ ಹೊತ್ತಿಗೆ ನೆರಳು ಒಂದು ಗೇಣು ಸರಿದಿತ್ತು. ಸುತ್ತ ಸರಪಳಿ ಬೇರೆ.

ಹುಡುಗನಿಗೆ ಲಾಲ್‌ಬಾಗ್ ನೆನಪಾಯಿತು. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. "ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಮಾವ. ಆದರೂ ಅದರ ಮೇಲೆ ಹತ್ತಿ ಕೂತ್ಕೋಬಹುದು." ನಮ್ಮ ಕಲ್ಲಿಗೆ ಇನ್ನೂ ನಾಲ್ಕೇ ವರ್ಷ. ಅದಕ್ಕೇ ಜಾಸ್ತಿ ಜೋಪಾನ.

ಬ್ಯಾಗು ತಲೆಗಿಟ್ಟು, ಗಣ್ಯರ ನೆರಳಲ್ಲೇ ಒರಗಿದ. ಸರಿಯಾಗಿ ಆಗ ಟೀ ಮುಗಿದಿತ್ತು. ಕಾವಲುಗಾರ ಲಾಠಿಯಿಂದ ಟೈಲ್ಸ್ ಕುಟ್ಟಿದ. "ಏಳಪ್ಪಾ, ಇಲ್ಲಿ ಮಲಗಂಗಿಲ್ಲ. ನಾಳೆ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸ್ತಾರೆ, ಗುಂಡಿ ತೆಗೀಬೇಕು."

ಬೇಲೂರಿನ ಬಸ್ಸು ಹತ್ತಿಸಿ ಮನೆಗೆ ಬಂದೆ. ಸಂಜೆ ಮೊಬೈಲಿಗೆ ಒಂದು ಫೋಟೊ ಬಂತು. ಮದನಿಕೆಯೊಬ್ಬಳ ಕಾಲ ಬುಡದಲ್ಲಿ ಹಳಗನ್ನಡದ ಪುಟ್ಟ ಅಕ್ಷರ. ಅವಳನ್ನ ಕೆತ್ತಿದ ಶಿಲ್ಪಿಯ ಹೆಸರು, ಬಳ್ಳಿಗಾವೆಯ ದಾಸೋಜ ಅಂತ ಓದಬೇಕಂತೆ, ಗೈಡ್ ಬೇರೆಯವರಿಗೆ ಹೇಳೋದನ್ನ ಇವನು ಪಕ್ಕದಲ್ಲಿ ನಿಂತು ಪುಕ್ಕಟೆ ಕೇಳಿಸಿಕೊಂಡಿದ್ದಾನೆ. ಕೆಳಗೆ ಬರೆದಿದ್ದ: "ಮಾವ, ಇಲ್ಲಿ ಹೆಸರಿನ ಜೊತೆ ಕೆಲಸಾನೂ ಇದೆ."