ಬೂದಿ ಭಾಗ್ಯ

ಸೆರಾಮಿಕ್ ಕಲಾಕೇಂದ್ರ ನಡೆಸುವವರು ಎಲ್ಲರಿಗಿಂತ ಮೊದಲು ಪ್ಲಂಬರ್ ಸ್ನೇಹ ಬೆಳೆಸಬೇಕು. ಗ್ಯಾಲರಿಯವರು, ವಿಮರ್ಶಕರು ಎಲ್ಲ ಆಮೇಲೆ. ಇದು ನನಗೆ ತಿಳಿದದ್ದು ನಮ್ಮ ಅಕ್ಕ-ಭಾವನನ್ನು ನೋಡಿ. ಕನಕಪುರ ರಸ್ತೆಯಲ್ಲಿ, ಮೆಟ್ರೋದ ಕೊನೆಯ ಸ್ಟೇಷನ್ನೂ ದಾಟಿ, ತೆಂಗಿನ ತೋಟದ ಪಕ್ಕ ಅವರದ್ದೊಂದು ರೆಸಿಡೆನ್ಸಿ ಇದೆ. ಕಲಾವಿದರು ಬರುತ್ತಾರೆ, ತಿಂಗಳೆರಡು ತಿಂಗಳು ಇರುತ್ತಾರೆ, ಮಣ್ಣಿನಲ್ಲಿ ಏನೇನೋ ಮಾಡಿ ಸುಟ್ಟುಕೊಂಡು ಹೋಗುತ್ತಾರೆ. ಹೆಚ್ಚಾಗಿ ಮಡಕೆಯನ್ನು, ಕೆಲವೊಮ್ಮೆ ಬೆರಳನ್ನೂ.

ಅವರು ಕೈ ತೊಳೆದ ನೀರು ಸಿಂಕಿನಲ್ಲಿ ಇಳಿದು ಹೋಗುತ್ತದೆ. ಮಣ್ಣು ಮಾತ್ರ ಪೈಪಿನ ತಿರುವಿನಲ್ಲಿ ಕೂತುಬಿಡುತ್ತದೆ. ಮೊದಲು ಬಕೆಟ್ಟಿನಲ್ಲಿ ಕೈ ತೊಳೆಯಿರಿ, ಆಮೇಲೆ ಸಿಂಕಿಗೆ ಬನ್ನಿ ಅಂತ ಅಕ್ಕ ಗೋಡೆಗೆ ಬೋರ್ಡ್ ಹಾಕಿದ್ದಾಳೆ. ಬಂದವರೆಲ್ಲ ಬೋರ್ಡನ್ನು ಬಹಳ ಮೆಚ್ಚಿಕೊಳ್ಳುತ್ತಾರೆ. ಅಕ್ಷರ ಚೆನ್ನಾಗಿದೆ ಅನ್ನುತ್ತಾರೆ. ಆಮೇಲೆ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಸೀದಾ ಸಿಂಕಿಗೇ ಹೋಗುತ್ತಾರೆ. ಪ್ಲಂಬರ್ ಕಳೆದ ಸಲ ಪೈಪ್ ಬಿಚ್ಚಿ ನೋಡಿ, "ಏನ್ ಸಾರ್, ಪೈಪೊಳಗೇ ಲೇಔಟ್ ಮಾಡಿದ್ದೀರಾ?" ಅಂದ. ಅವನಿಗೆ ಗ್ಯಾರೇಜಿನಲ್ಲಿ ಒಂದು ಸ್ಟೂಲ್, ಒಂದು ಕಾಫಿ ಲೋಟ ಕಾಯಂ ಆಗಿವೆ.

ಅಕ್ಕನಿಗೆ ಈ ಹುಳ ಹೊಕ್ಕಿದ್ದು ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿ ನೋಡಿದ ಮೇಲೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರು ಮಾಡಿದ ಜಾಗ ಅದು. ನಮ್ಮ ದೇಶದ ಎಷ್ಟೋ ಸ್ಟುಡಿಯೋ ಕುಂಬಾರರು ಅಲ್ಲಿ ಕೈ ಪಳಗಿಸಿಕೊಂಡವರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಭಾವನಿಗೆ ಇಷ್ಟದ ಕಥೆ ಬೇರೆ. ಅಮೆರಿಕದ ಮೊಂಟಾನಾದಲ್ಲಿ ಆರ್ಚಿ ಬ್ರೇ ಅಂತ ಇಟ್ಟಿಗೆ ಕಾರ್ಖಾನೆಯ ಯಜಮಾನ ಇದ್ದ. 1951ರಲ್ಲಿ ಕಾರ್ಖಾನೆಯ ಜಾಗದಲ್ಲೇ ಕಲಾವಿದರಿಗೆ ಸ್ಟುಡಿಯೋ ಕಟ್ಟಿಸಿದ. ಆಮೇಲೆ ದೊಡ್ಡ ಹೆಸರು ಮಾಡಿದ ಪೀಟರ್ ವೌಲ್ಕೋಸ್, ರೂಡಿ ಆಟಿಯೋ ಇಬ್ಬರೂ ಆಗ ಇಟ್ಟಿಗೆ ಕೆಲಸ ಮಾಡುತ್ತಲೇ ಮಡಕೆ ಮಾಡಿದವರು.

"ನೋಡು, ಅವನಿಗೆ ಇಟ್ಟಿಗೆ ವ್ಯಾಪಾರ ಇತ್ತು. ನಮಗೇನಿದೆ?" ಅಂತ ಭಾವ ಆಗಾಗ ಕೇಳುತ್ತಾರೆ.

"ನಿಮ್ಮ ಪಿಎಫ್ ಇದೆಯಲ್ಲ" ಅನ್ನುತ್ತಾಳೆ ಅಕ್ಕ.

ಹೀಗೆ ನಡೆಸುವವರಿಗೆ ಮಣ್ಣು ಮುಟ್ಟಲು ಪುರಸೊತ್ತಿರುತ್ತದೆ ಅಂತ ನೀವು ಅಂದುಕೊಂಡಿದ್ದರೆ ಒಮ್ಮೆ ಬಂದು ನೋಡಿ. ಅಕ್ಕನ ಸ್ವಂತ ತಿಗರಿಯ ಮೇಲೆ ಈಗ ಟ್ಯಾಂಕರ್ ರಸೀದಿ, ಕರೆಂಟ್ ಬಿಲ್ಲು, ಯಾರದ್ದೋ ಒಣಗದ ಟವೆಲ್ಲು ಇವೆ. ಭಾವ ಕಿಲ್ನಿನ, ಅಂದರೆ ಮಡಕೆ ಸುಡುವ ಕುಲುಮೆಯ, ಕಾವಲುಗಾರರಾಗಿದ್ದಾರೆ. ಸ್ಟೋನ್‌ವೇರ್ ಅನ್ನುವ ಕಲ್ಲಿನಂಥ ಗಟ್ಟಿ ಮಡಕೆ ಸುಡಲು 1,200 ಡಿಗ್ರಿಗಿಂತ ಮೇಲೆ ಹೋಗಬೇಕು. ಅದು 1,100 ತಲುಪಿದಾಗಲೇ ಕರೆಂಟ್ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಹೋದರೆ ಅದಕ್ಕೇನು ಸಿಗುತ್ತದೆ, ಅಲ್ವಾ? ಶಾಖ ಇಳಿಯುವಾಗ ಇನ್ನೊಂದು ಗಂಡಾಂತರ. 573 ಡಿಗ್ರಿ ದಾಟುವಾಗ ಮಣ್ಣಿನೊಳಗಿನ ಕ್ವಾರ್ಟ್ಜ್ ಅನ್ನುವ ಹರಳು ಥಟ್ಟನೆ ಕುಗ್ಗುತ್ತದೆ, ಅವಸರ ಮಾಡಿದರೆ ಬಿರುಕು. ಅದಕ್ಕೇ ಭಾವನ ಫೋನು ನಡುರಾತ್ರಿ ಕೂಗುತ್ತದೆ. ತಣ್ಣಗಾಗಲು ಒಂದಿಡೀ ದಿನ ಬೇಕು. ಅಷ್ಟರೊಳಗೆ ಕಲಾವಿದರೆಲ್ಲ ಕಿಲ್ನ್ ಸುತ್ತ ಸುಳಿಯುತ್ತಾರೆ. "ಸುಮ್ನೆ ಒಂಚೂರು ಇಣುಕ್ತೀನಿ ಸರ್." ಇಣುಕಿದರೆ ತಣ್ಣನೆಯ ಗಾಳಿ ನುಗ್ಗಿ ಒಳಗೆ ಟಿಂಗ್ ಅನ್ನುತ್ತದೆ. ಟಿಂಗ್ ಅಂದರೆ ಮುಗಿಯಿತು. ಈಗ ಕಿಲ್ನ್ ಬಾಗಿಲಿಗೆ ಬೀಗ ಬಿದ್ದಿದೆ, ಕೀಲಿ ಭಾವನ ಜನಿವಾರಕ್ಕೆ ಬಿದ್ದಿದೆ.

ಮಳೆಗಾಲದ ಕಥೆ ಬೇಡ. ಪೂರ್ತಿ ಒಣಗದ ಒಂದು ಮಡಕೆಯನ್ನು ಯಾರಾದರೂ ಒಳಗೆ ತುರುಕಿದರೆ ನೀರು ಆವಿಯಾಗಿ ಅದು ಪಟಾಕಿ ಹೊಡೆಯುತ್ತದೆ, ಚೂರುಗಳು ಅಕ್ಕಪಕ್ಕದವರ ಮಡಕೆಗೂ ಸಿಡಿಯುತ್ತವೆ. ಸುದ್ದಿ ಹೇಳುವುದು ಅಕ್ಕನ ಡ್ಯೂಟಿ. ಆಗ ಅವಳ ಮುಖ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದ ಡಾಕ್ಟರ ಮುಖದ ಹಾಗಿರುತ್ತದೆ.

ಕೇಂದ್ರದಲ್ಲಿ ಕಲೆಗೆ ಸೊಪ್ಪು ಹಾಕದವರು ಇಬ್ಬರು. ಒಬ್ಬರು ಬೆಂಗಳೂರಿನ ಪಾಟರಿ ಟೌನಿನ ಕುಂಬಾರರ ಮನೆಯವರು, ಎಲ್ಲರಿಗೂ ಮೇಷ್ಟ್ರು. ಒಬ್ಬ ಯುವ ಕಲಾವಿದ ವಾರಗಟ್ಟಲೆ ಕೂತು, ಬೇಕೆಂದೇ ಒಂದು ಕಡೆಗೆ ವಾಲಿದ, ಬಾಯಿ ಬಿರಿದ ಹೂಜಿಗಳ ಸಾಲು ಮಾಡಿದ್ದ. ನಗರದ ಒತ್ತಡ ಅಂತೇನೋ ಅದರ ಅರ್ಥ. ಮೇಷ್ಟ್ರು ರಾತ್ರಿ ಅದನ್ನು ನೋಡಿ ಮರುಗಿದರು. ಬೆಳಗಾಗುವಷ್ಟರಲ್ಲಿ ಅಷ್ಟೂ ಹೂಜಿಗಳು ನೆಟ್ಟಗೆ ನಿಂತಿದ್ದವು, ಬಿರುಕುಗಳು ಮುಚ್ಚಿದ್ದವು. "ಪಾಪ, ಹುಡುಗನಿಗೆ ಇನ್ನೂ ಕೈ ಕೂತಿಲ್ಲಮ್ಮ. ಯಾರಿಗೂ ಹೇಳಬೇಡಿ" ಅಂತ ಅಕ್ಕನ ಕಿವಿಯಲ್ಲಿ ಹೇಳಿದರು.

ಇನ್ನೊಬ್ಬರು ಮಾಗಡಿ ಕಡೆಯ ಅಡುಗೆಯಮ್ಮ. ಇವರದ್ದನ್ನು ವಿವರವಾಗಿಯೇ ಹೇಳಬೇಕು.

ಜಪಾನಿನಿಂದ ಒಬ್ಬ ಕಲಾವಿದೆ ಬಂದಿದ್ದರು. ಅವರ ಕೆಲಸವೆಲ್ಲ ಬೂದಿಯ ಗ್ಲೇಜಿನಲ್ಲಿ. ಬೂದಿಗೆ ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ, ಜೇಡಿಮಣ್ಣು ಬೆರೆಸಿ ಮಡಕೆಗೆ ಹಚ್ಚಿ ಸುಟ್ಟರೆ ಅದು ಕರಗಿ ಗಾಜಿನಂತೆ ಕೂರುತ್ತದೆ. ಅವರ ಊರಿನಲ್ಲಿ ಭತ್ತದ ಹುಲ್ಲು ಸುಡುತ್ತಾರೆ. ಇಲ್ಲಿಗೆ ಬಂದ ಮೇಲೆ ಇಲ್ಲಿಯದೇ ಆಗಬೇಕು, ರಾಗಿ ಹುಲ್ಲು ಬೇಕು ಅಂದರು. ಭಾವ ರೈತರ ಮನೆ ಬಾಗಿಲಿಗೆ ಹೊರಟರು.

"ಎಷ್ಟು ಹಸು ಕಟ್ಟಿದ್ದೀರಿ ಸಾಮಿ?"

"ಹಸು ಇಲ್ಲ. ಸುಡೋಕೆ."

ರೈತ ಸ್ವಲ್ಪ ಹೊತ್ತು ಭಾವನನ್ನೇ ನೋಡಿದ. ಹುಲ್ಲಿನ ಜೊತೆ ಅವನೂ ಟೆಂಪೋ ಹತ್ತಿ ಬಂದ, ನಿಜವಾಗಲೂ ಸುಡುತ್ತಾರಾ ಅಂತ ನೋಡಲು. ಸುಟ್ಟರು. ಹೊಗೆ ಎದ್ದು ಪಕ್ಕದ ಲೇಔಟಿನ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಅಕ್ಕ ಅಲ್ಲಿ ಎಲ್ಲರಿಗೂ ಕೈಮುಗಿಯುವ ಇಮೋಜಿ ಹಾಕುತ್ತಾ ಕೂತಳು. ಟೆಂಪೋ ತುಂಬ ಹುಲ್ಲು ಅರ್ಧ ಡ್ರಮ್ ಬೂದಿಯಾಯಿತು. ಅದನ್ನು ನೆನೆಹಾಕಿ, ಕ್ಷಾರದ ನೀರು ಬಸಿದು, ಮತ್ತೆ ನೀರು ಹಾಕಿ, ಮತ್ತೆ ಬಸಿದು, ಒಣಗಿಸಿ, ಸಣ್ಣ ಜರಡಿ ಹಿಡಿದಾಗ ಉಳಿದದ್ದು ಒಂದು ಬಕೆಟ್. ಕಲಾವಿದೆ ಅದನ್ನು ನೆರಳಲ್ಲಿರಲಿ ಅಂತ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲಿಟ್ಟು ಮಲಗಲು ಹೋದರು.

ಬೆಳಿಗ್ಗೆ ಕಟ್ಟೆಯ ಮೇಲೆ ಸೂರ್ಯನೇ ಇಳಿದಿದ್ದ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಭಾವನ ಅಜ್ಜಿಯ ಕಾಲದ ಚೊಂಬು, ಎಲ್ಲ ಫಳಫಳ. ಬಕೆಟ್ಟಿನ ತಳ ಕಾಣುತ್ತಿತ್ತು. ಅಡುಗೆಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಇಷ್ಟು ನುಣ್ಣಗಿನ ಬೂದಿ ನಮ್ಮೂರಲ್ಲೂ ನೋಡಿರಲಿಲ್ಲಮ್ಮ. ಯಾರು ಜರಡಿ ಹಿಡಿದಿದ್ದು? ಚಿನ್ನದಂಥ ಹುಡುಗಿ."

ಹುಲ್ಲಿನ ಬೂದಿಯಲ್ಲಿ ಮರಳಿನ ಅಂಶ ಜಾಸ್ತಿ. ಉಜ್ಜಿದರೆ ಹೊಳೆಯದೆ ಇರುತ್ತದೆಯೇ? ಅಕ್ಕ ಡಾಕ್ಟರ ಮುಖ ಹಾಕಿಕೊಂಡು ಕಲಾವಿದೆಯ ಕೋಣೆಗೆ ಹೋದಳು. ಅವರು ಬಂದು ಹಂಡೆಯಲ್ಲಿ ತಮ್ಮ ಮುಖ ನೋಡಿಕೊಂಡರು. ತುಂಬ ಹೊತ್ತು ನೋಡಿಕೊಂಡರು. ಆಮೇಲೆ ಇನ್ನೊಂದು ಟೆಂಪೋ ಹುಲ್ಲು ಬೇಕು ಅಂದರು. ಈ ಸಲ ರೈತ ಕಾರಣ ಕೇಳಲಿಲ್ಲ, ರೇಟು ಏರಿಸಿದ. ಸುಡುವುದು, ತೊಳೆಯುವುದು, ಜರಡಿ ಹಿಡಿಯುವುದು ಎಲ್ಲಕ್ಕೂ ಅಡುಗೆಯಮ್ಮನೇ ಮುಂದೆ ನಿಂತರು. ಒಬ್ಬರದು ಮಾಗಡಿ ಕನ್ನಡ, ಇನ್ನೊಬ್ಬರದು ಜಪಾನಿ. ಭಾವನ ಇಂಗ್ಲಿಷು ಅವರಿಬ್ಬರಿಗೂ ಬೇಕಾಗಲಿಲ್ಲ.

ಮಾಡಿದ್ದನ್ನೆಲ್ಲ ಜನರಿಗೆ ತೋರಿಸಿ ಮಾರುವ ಓಪನ್ ಸ್ಟುಡಿಯೋ ದಿನ ಜನ ಚೆನ್ನಾಗಿ ಬಂದರು. ಒಬ್ಬ ದಂಪತಿ ತಿಳಿಹಸಿರು ಬಟ್ಟಲೊಂದನ್ನು ಎತ್ತಿ, ತಿರುಗಿಸಿ, ಚೀಟಿ ನೋಡಿದರು. "ಇಷ್ಟು ದುಡ್ಡಿಗೆ ಐದು ಲೀಟರ್ ಕುಕ್ಕರ್ ಬರುತ್ತೆ ಕಣೇ" ಅಂದರು ಯಜಮಾನರು. ಅಕ್ಕ ಗೇಟಿನಲ್ಲಿ ಟ್ಯಾಂಕರ್ ರಿವರ್ಸ್ ತೆಗೆಸುತ್ತಿದ್ದಳು. ಭಾವ ಪ್ಲಂಬರ್ ಜೊತೆ ಸಿಂಕಿನ ಕೆಳಗಿದ್ದರು. ಬಜ್ಜಿ ತಟ್ಟೆ ಹಿಡಿದು ಬಂದ ಅಡುಗೆಯಮ್ಮ ಅಲ್ಲೇ ನಿಂತರು.

"ಕುಕ್ಕರಿಗೆ ಯಾರಾದ್ರೂ ಎರಡು ಟೆಂಪೋ ರಾಗಿ ಹುಲ್ಲು ಸುಟ್ಟಿದ್ದಾರಾ ಸಾಮಿ?" ಅಂತ ಶುರು ಮಾಡಿ, ನೆನೆಹಾಕಿದ್ದು, ಬಸಿದದ್ದು, ಜರಡಿ ಹಿಡಿದದ್ದು, 1,200 ಡಿಗ್ರಿ, ಏನೂ ಬಿಡದೆ ಹೇಳಿದರು. ದಂಪತಿ ಎರಡು ಬಟ್ಟಲು ಕೊಂಡರು. ಸಂಜೆಯೊಳಗೆ ಆ ಮೇಜು ಖಾಲಿ.

ರಾತ್ರಿ ಅಕ್ಕ ಖುಷಿಯಿಂದ ಅವರ ಕೈಗೆ ಕಮಿಷನ್ ಇಡಲು ಹೋದಳು. ಅಡುಗೆಯಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

"ದುಡ್ಡು ಬೇಡಮ್ಮ. ಜಪಾನಮ್ಮನ ಬಕೆಟ್ಟಲ್ಲಿ ಏನಾದ್ರೂ ಉಳಿದಿದ್ರೆ ಕೊಡಿ. ಸಬೀನಾ ಖಾಲಿಯಾಗಿದೆ."